ಏನಾದರೂ ಸಾಕು

"ಬಾಯಿ ಬಿಟ್ಟು ಹೇಳ್ತೀಯೋ, ಇಲ್ಲ ನನ್ನಿಷ್ಟ ಬಂದಿದ್ದು ಕುದಿಸ್ಲೋ?" ನೆರೆಮನೆಯ ಚಲುಯ್ ಸೌಟನ್ನು ಹಂಡೆಯ ಅಂಚಿಗೆ ಕುಟ್ಟಿದಳು. "ಒಲೆ ಉರೀತಾ ಇದೆ, ನೀರು ಮರಳ್ತಾ ಇದೆ, ಮಧ್ಯಾಹ್ನದೊಳಗೆ ಭಿಕ್ಷುಗಳ ಊಟ ಮುಗೀಬೇಕು. ನಿನ್ ಗಂಡಂಗೆ ಏನಿಷ್ಟ ಅಂತ ಕೇಳಿದ್ರೆ ಕಂಬ ನೋಡ್ತಾ ಕೂತಿದೀಯಲ್ಲೇ ಸಮ್ಲಿ!"

ಬೆಳ್ಳುಳ್ಳಿ ಬಿಡಿಸುತ್ತಿದ್ದ ಸಮ್ಲಿಯ ಕೈ ನಿಂತಿತು. ವಿಹಾರದ ಅಡುಗೆಮನೆ ನದಿಯ ಕಡೆಗೆ ತೆರೆದುಕೊಂಡಿತ್ತು. ಕಪ್ಪು ರವಿಕೆ ತೊಟ್ಟ ಹೆಂಗಸರು ನೆಲದ ಮೇಲೆ ಸಾಲಾಗಿ ಕೂತು ಸೊಪ್ಪು ಹೆಚ್ಚುತ್ತಿದ್ದರು, ತೆಂಗಿನಕಾಯಿ ತುರಿಯುತ್ತಿದ್ದರು. ಸುಡುವ ದಿನದ ಊಟದಲ್ಲಿ ಸತ್ತವನಿಗೆ ಇಷ್ಟವಾದದ್ದು ಒಂದಾದರೂ ಇರಬೇಕು. ಅದನ್ನು ಭಿಕ್ಷುಗಳು ಉಂಡರೆ ಪುಣ್ಯದ ಜೊತೆ ರುಚಿಯೂ ಸತ್ತವನಿಗೆ ಮುಟ್ಟುತ್ತದೆ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಹೆಂಡತಿಯನ್ನು ಕೇಳುವುದು, ಅವಳು ಹೇಳುವುದು, ಇವರು ಮಾಡುವುದು.

"ಅವರು ಏನಾದ್ರೂ ತಿಂತಿದ್ರು," ಎಂದಳು ಸಮ್ಲಿ.

"ಏನಾದ್ರೂ ಅನ್ನೋ ಸಾರು ಹ್ಯಾಗ್ ಮಾಡ್ತಾರಮ್ಮ? ಅದಕ್ಕೆ ಕೊತ್ತಂಬರಿ ಮೇಲೆ ಉದುರಿಸ್ತಾರೋ, ಒಳಗೇ ಹಾಕ್ತಾರೋ?"

ಹೆಂಗಸರು ನಕ್ಕರು. ಸಮ್ಲಿಯೂ ನಕ್ಕಳು. ಆದರೆ ಬೆಳ್ಳುಳ್ಳಿಯ ಸಿಪ್ಪೆ ಅವಳ ಉಗುರಿನ ಸಂದಿಯಲ್ಲಿ ಸಿಕ್ಕಿ ಚುಚ್ಚಿತು. ನಲವತ್ತು ವರ್ಷ ದಿನಕ್ಕೆರಡು ಹೊತ್ತು ಬೇಯಿಸಿ ಹಾಕಿದ್ದಳು. ಇಷ್ಟವಾದದ್ದು ಯಾವುದು ಎಂದು ನೆನೆದರೆ ಖಾಲಿ ತಟ್ಟೆಯೊಂದು ಕಣ್ಣಿಗೆ ಬರುತ್ತಿತ್ತೇ ಹೊರತು ಬೇರೇನೂ ಇಲ್ಲ.

ಐಸ್ ನೀರು ಒಯ್ಯಲು ಬಂದ ಮಗ ಅಮ್ನುಯ್‌ನನ್ನು ಚಲುಯ್ ತಡೆದಳು. "ಏ ಅಮ್ನುಯ್, ನೀನಾದ್ರೂ ಹೇಳಪ್ಪ. ನಿಮ್ಮಪ್ಪಂಗೆ ಯಾವುದು ಪ್ರಾಣ?"

"ಅಪ್ಪ ಏನ್ ಹಾಕಿದ್ರೂ ತಿಂತಿದ್ರು ಚಿಕ್ಕಮ್ಮ," ಎಂದ ಅವನು. ಐಸಿನ ಡಬ್ಬದ ಮುಚ್ಚಳ ಹಾಕುವುದರಲ್ಲೇ ಕಣ್ಣಿಟ್ಟು, ಹಾಗೇ ಹೊರಟುಹೋದ.

"ಪುಣ್ಯವಂತ," ಎಂದಳು ಕಾಯಿ ತುರಿಯುತ್ತಿದ್ದ ಒಬ್ಬಳು. "ನಮ್ಮನೇಲೂ ಒಬ್ರಿದ್ದಾರೆ, ಉಪ್ಪು ಒಂದು ಹರಳು ಹೆಚ್ಚಾದ್ರೆ ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತಾರೆ. ಚಮ್ನಾನ್ ಅಣ್ಣ ದೇವರಂಥೋರು. ಬೇಕು ಅಂದಿದ್ದು ಕೇಳಿದ್ದೇ ಇಲ್ಲ."

ಆ ಮಾತು ಊರಿಗೆ ಹೊಸದಲ್ಲ. ಮೇ ಕ್ಲೊಂಗ್ ನದಿಯ ಈ ದಂಡೆಯಲ್ಲಿ ತೆಂಗಿನ ಬೆಲ್ಲ ಮಾಡುವ ಮನೆಗಳೆಲ್ಲ ಒಂದೊಂದಾಗಿ ಮೋಟಾರು ದೋಣಿ ಕೊಂಡವು, ಗ್ಯಾಸಿನ ಒಲೆ ಹಾಕಿಸಿದವು. ಚಮ್ನಾನ್ ಹುಟ್ಟನ್ನೂ ಬಿಡಲಿಲ್ಲ, ಸೌದೆ ಒಲೆಯನ್ನೂ ಬಿಡಲಿಲ್ಲ. ಹುರಿದ ಮೀನು ಮಾಡಿದ ದಿನ ತಲೆ ಬಾಲ ತನಗೆ ಹಾಕಿಸಿಕೊಂಡು ನಡುವಿನ ತುಂಡನ್ನು ತಟ್ಟೆಯಿಂದ ಆಚೆಗೆ ಸರಿಸುತ್ತಿದ್ದ. ಗಂಡ ಮುಟ್ಟದ್ದನ್ನು ತಾನು ತಿನ್ನಲು ಸಮ್ಲಿಗೂ ನಾಚಿಕೆಯಾಗುತ್ತಿತ್ತು. ಅದು ಮಗನ ತಟ್ಟೆಗೆ ಹೋಗುತ್ತಿತ್ತು. ಐದು ದಿನದ ಹಿಂದೆ, ನಸುಕಿನಲ್ಲಿ ಮರದಿಂದ ನೀರಾ ಇಳಿಸಿಕೊಂಡು ಬಂದವನು ಬಿದಿರಿನ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಮತ್ತೆ ಏಳಲಿಲ್ಲ. ಸಾಯುವಾಗಲೂ ಯಾರಿಗೂ ತೊಂದರೆ ಕೊಡಲಿಲ್ಲ ಎಂದು ಊರೆಲ್ಲ ಹೇಳಿತು.

ಕೊನೆಗೆ ಚಲುಯ್ ತಾನೇ ತೀರ್ಮಾನ ಮಾಡಿ ಸೋರೆಕಾಯಿ ಸಾರಿಗೆ ಮೊಟ್ಟೆ ಒಡೆದು ಹಾಕಿದಳು. ಮೊದಲ ಬಟ್ಟಲನ್ನು ಅನ್ನದ ಜೊತೆ ತಟ್ಟೆಯಲ್ಲಿಟ್ಟು ಸಮ್ಲಿಯ ಕೈಗೆ ಕೊಟ್ಟಳು. ಸಮ್ಲಿ ಮಂಟಪಕ್ಕೆ ಹೋಗಿ, ಬಣ್ಣದ ದೀಪ ಸುತ್ತಿದ್ದ ಶವಪೆಟ್ಟಿಗೆಯ ತಲೆಯ ಕಡೆ ತಟ್ಟೆ ಇಟ್ಟು, ಮರದ ಮೇಲೆ ಬೆರಳ ಗಿಣ್ಣಿನಿಂದ ಬಡಿದಳು.

"ಊಟಕ್ಕೆ ಏಳಿ," ಎಂದಳು. ಐದು ದಿನವೂ ಹೀಗೇ ಕರೆದಿದ್ದಳು. ಇವತ್ತು ಮಾತ್ರ, ತಟ್ಟೆಯಲ್ಲಿ ಏನಿದೆ ಎಂದು ಹೇಳಲು ಸಂಕೋಚವಾಯಿತು.

*

ಅಮ್ನುಯ್ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಸಮ್ಲಿಗೆ ಒಂದು ಆಸೆ ಹುಟ್ಟಿತ್ತು.

ಅವಳ ತಾಯಿಯ ಕೈಯ ಸಿಹಿತಿಂಡಿ ಆ ಕಡೆಯೆಲ್ಲ ಹೆಸರಾಗಿತ್ತು. ಅಕ್ಕಿಹಿಟ್ಟು, ಕಾಯಿಹಾಲು, ಬೆಲ್ಲ, ಇಷ್ಟೇ. ಆದರೆ ಅದನ್ನು ಹದಕ್ಕೆ ತರುವ ಕೈ ಎಲ್ಲರಿಗೂ ಬರುವುದಿಲ್ಲ. ಸಮ್ಲಿಗೆ ಬಂದಿತ್ತು. ರೈಲುಹಳಿಯ ಪಕ್ಕದ ಪೇಟೆಯಲ್ಲಿ ಒಂದು ಅಂಗಡಿ ಕಟ್ಟೆ ಖಾಲಿಯಾಗಿದೆ, ಇಬ್ಬರೂ ಸೇರಿ ಹಿಡಿಯೋಣ ಎಂದು ಅಕ್ಕ ಹೇಳಿಕಳಿಸಿದಳು. ಆ ರಾತ್ರಿ ಸಮ್ಲಿಗೆ ನಿದ್ದೆ ಬರಲಿಲ್ಲ. ಬಾಳೆಲೆಯನ್ನು ಎಷ್ಟಗಲ ಕತ್ತರಿಸಬೇಕು, ಯಾವುದು ಮುಂದೆ ಯಾವುದು ಹಿಂದೆ ಇಡಬೇಕು, ಎಲ್ಲ ಕಣ್ಣ ಮುಂದೆ ಜೋಡಿಸಿಟ್ಟ ಹಾಗೆ ಕಾಣುತ್ತಿತ್ತು.

ಬೆಳಿಗ್ಗೆ ಗಂಡನಿಗೆ ಹೇಳಿದಳು. ಅವನು ಕೊಳವೆ ತೊಳೆಯುತ್ತಿದ್ದ. ಬೈಯಲಿಲ್ಲ. ಬೈದಿದ್ದರೆ ಅವಳೂ ಎರಡು ಮಾತು ಆಡುತ್ತಿದ್ದಳು.

"ನಮಗೇನು ಕಡಿಮೆ ಆಗಿದೆ ಸಮ್ಲಿ?" ಎಂದ. ನಗುತ್ತಲೇ ಎಂದ. "ಇಷ್ಟು ಸಾಕಲ್ವಾ? ಪೇಟೆಗೆ ಹೋದ್ರೆ ಅದು ನೋಡ್ತೀಯ, ಇದು ನೋಡ್ತೀಯ, ಬೇಕು ಅನ್ನಿಸ್ತಾ ಹೋಗುತ್ತೆ. ಬೇಕು ಅನ್ನೋದಕ್ಕೆ ತಳ ಇಲ್ಲ."

ಅಷ್ಟು ನಿರ್ಮಲವಾಗಿ ಹೇಳಿದವನ ಎದುರು ತನ್ನ ಆಸೆ ಮೈಮೇಲಿನ ಕೊಳೆಯ ಹಾಗೆ ಕಂಡಿತು ಅವಳಿಗೆ. ಅಕ್ಕನಿಗೆ ಬರುವುದಿಲ್ಲ ಎಂದು ಹೇಳಿಕಳಿಸಿದಳು. ಅಕ್ಕ ಸಿಟ್ಟು ಮಾಡಿಕೊಂಡು ಗಂಡನ ಜೊತೆ ತೆಂಕಣ ಊರಿಗೆ ಹೋದಳು. ಒಂದು ಮಳೆಗಾಲವಿಡೀ ಸಮ್ಲಿ ಬೆಲ್ಲದ ಕೊಪ್ಪರಿಗೆಯ ಮುಂದೆ ನಿಂತು ಕಣ್ಣೀರು ಒರೆಸಿಕೊಂಡಳು. ಯಾರಾದರೂ ಕೇಳಿದರೆ ಹೊಗೆ ಎನ್ನುತ್ತಿದ್ದಳು. ಬೆಳಗಿನ ರೈಲಿನ ಕೂಗು ನದಿ ದಾಟಿ ಬಂದಾಗಲೆಲ್ಲ ಕೈ ತಾನಾಗಿ ನಿಲ್ಲುತ್ತಿತ್ತು.

ಆಮೇಲೊಂದು ದಿನ, ಯಾವ ದಿನ ಎಂದು ಅವಳಿಗೂ ಗೊತ್ತಿಲ್ಲ, ಪಾಕ ಗಟ್ಟಿಯಾಗಿ ಬುರುಗು ಇಳಿಯುವುದನ್ನು ನೋಡುತ್ತಾ ನಿಂತಿದ್ದಳು. ರೈಲು ಬಂದದ್ದೂ ಹೋದದ್ದೂ ಅವಳ ಕಿವಿಗೆ ಬಿದ್ದಿರಲಿಲ್ಲ. ಅದು ಅರಿವಾದದ್ದು ಬೆಲ್ಲ ಅಚ್ಚಿಗೆ ಹೊಯ್ದ ಮೇಲೆ. ಎದೆಯೊಳಗೆ ಎಲ್ಲೂ ಏನೂ ಎಳೆಯುತ್ತಿರಲಿಲ್ಲ. ಬಿಸಿಲು ಬಿದ್ದ ಅಂಗಳದ ಹಾಗೆ ಇತ್ತು. ಏನೂ ಬೇಡವೆನ್ನುವುದು ಅವರ ಹಾಗೆ ನನಗೂ ಬಂತು ಎಂದುಕೊಂಡಳು. ಅವತ್ತು ಸಂಜೆ ಗಂಡನ ಕಾಲಿಗೆ ನೀರು ಹೊಯ್ಯುವಾಗ ಅವಳ ಕೈಯಲ್ಲಿ ಗುರುವಿಗೆ ಹೊಯ್ಯುವಷ್ಟು ಭಕ್ತಿಯಿತ್ತು.

*

ಬಿಸಿಲು ಏರುವ ಹೊತ್ತಿಗೆ ಅಡುಗೆಮನೆಯ ಮೆಟ್ಟಿಲಿಗೆ ಒಂದು ದೋಣಿ ಬಂದು ತಾಗಿತು. ಅದರಿಂದ ದಪ್ಪ ಹೊಟ್ಟೆಯ ಮುದುಕನೊಬ್ಬ, ಬಟ್ಟೆ ಸುತ್ತಿದ ದೊಡ್ಡ ಪಾತ್ರೆಯನ್ನು ಎದೆಗೆ ಅವುಚಿಕೊಂಡು ಇಳಿದ. ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ.

"ಸತ್ತೋರ ಹೆಂಡತಿ ಯಾರಮ್ಮ ಇಲ್ಲಿ?" ಎಂದು ಕೇಳಿದ.

"ನಾನೇ," ಎಂದು ಸಮ್ಲಿ ಎದ್ದು ನಿಂತಳು.

ಮುದುಕ ಪಾತ್ರೆ ಕೆಳಗಿಟ್ಟು ಕೈ ಮುಗಿದ. ಕಣ್ಣು ತುಂಬಿಕೊಂಡಿತ್ತು. "ನಾನು ಸೆಂಗ್, ತಂಗಿ. ರೈಲುಹಳಿ ಪೇಟೆಯಲ್ಲಿ ಊಟದಂಗಡಿ. ಸುದ್ದಿ ನೆನ್ನೆ ಸಿಕ್ತು. ರಾತ್ರಿಯೆಲ್ಲ ಒಲೆ ಮೇಲಿಟ್ಟು ಬೇಯಿಸಿದೀನಿ. ಅವನ ಪಾಲಿಂದು ಅವನಿಗೆ ಮುಟ್ಲಿ ಅಂತ."

ಬಟ್ಟೆ ಬಿಚ್ಚಿದ ಕೂಡಲೇ ವಾಸನೆ ಅಡುಗೆಮನೆ ತುಂಬಿತು. ಕಬ್ಬಿನ ಸಿಗುಳುಗಳ ಮೇಲೆ ಜೋಡಿಸಿಟ್ಟ ಬಂಗುಡೆ. ಹುಣಸೆ, ಬೆಲ್ಲ, ಮೀನಿನ ಉಪ್ಪುನೀರು ಇಂಗಿ ಇಂಗಿ ಕಂದು ಬಣ್ಣಕ್ಕೆ ತಿರುಗಿತ್ತು. ಮುಳ್ಳು ಸಮೇತ ಬೆಣ್ಣೆಯ ಹಾಗೆ ಬೆಂದಿತ್ತು.

"ಯಾರ ಪಾಲು?" ಎಂದಳು ಸಮ್ಲಿ.

"ಚಮ್ನಾನ್‌ದು! ವಾರಕ್ಕೆರಡು ಸಲ, ಬೆಲ್ಲ ಇಳಿಸಿದ ಮೇಲೆ ನಮ್ಮ ಬೆಂಚೇ ಅವನ ಮನೆ. ಏನ್ ನಾಲಿಗೆ ತಂಗಿ ಅವನದ್ದು!" ಸೆಂಗ್ ಕಣ್ಣೊರೆಸಿಕೊಂಡು ನಕ್ಕ. "ಮೊಟ್ಟೆ ಇರೋ ಮೀನೇ ಆಗ್ಬೇಕು. ಇಲ್ದಿರೋದು ಬಡಿಸಿದ್ರೆ ತಟ್ಟೆ ನೂಕೋನು. ಬಾಲದ ಕಡೆ ಬಂದ್ರೆ 'ನಾನೇನು ಬೆಕ್ಕೇನಯ್ಯಾ' ಅನ್ನೋನು. ಹುಳಿ ಮುಂದಾಗಿದೆ, ಇವತ್ತು ಕಬ್ಬು ಎಳೇದು, ನಿನ್ ಹೆಂಡ್ತಿ ಬೈದ್ಲಾ, ಗಮನ ಎಲ್ಲಿತ್ತು, ಅಂತೆಲ್ಲ. ಅವನು ಬೈದು ತಿಂದು ಹೋದ್ರೇ ನನಗೆ ಅವತ್ತಿನ ವ್ಯಾಪಾರ ಚೆನ್ನಾಗಾಗೋದು."

ಸೊಪ್ಪು ಹೆಚ್ಚುತ್ತಿದ್ದ ಕತ್ತಿಗಳ ಸದ್ದು ನಿಂತಿತ್ತು.

"ನಿಮ್ಮ ಪೇಟೆಯಲ್ಲಿ ಇನ್ನೊಬ್ಬ ಚಮ್ನಾನ್ ಇದಾನೇನೋ," ಎಂದಳು ಚಲುಯ್. "ಈ ಚಮ್ನಾನ್ ಬಾಯಿ ಬಿಟ್ಟು ಇಷ್ಟು ಮಾತಾಡಿದ್ದು ನಾವ್ಯಾರೂ ಕಂಡಿಲ್ಲ."

"ಅಯ್ಯೋ, ಎಡಗಿವಿ ಹತ್ರ ಗಾಯದ ಗುರುತು, ಹುಟ್ಟು ಹಾಕೋ ದೋಣಿ. ಇವನೇ. ಮಾತಾ? ಅವನು ಕೂತ್ರೆ ಆ ಕಡೆ ಬೆಂಚಿನೋರೂ ಊಟ ಬಿಟ್ಟು ನಗೋರು. ನಿಮ್ಮೂರ ಗಂಡಸರೆಲ್ಲ ಅಲ್ಲೇ ಇರ್ತಿದ್ರಲ್ಲ, ಕೇಳಿ ಬೇಕಾದ್ರೆ."

ಸಮ್ಲಿ ಪಾತ್ರೆಯನ್ನು ನೋಡುತ್ತಲೇ ನಿಂತಿದ್ದಳು. ಪೇಟೆಯಿಂದ ಬಂದ ದಿನ ಅವನು ಎರಡು ತುತ್ತು ತಿಂದು ಕೈ ತೊಳೆಯುತ್ತಿದ್ದ. ಬಿಸಿಲಲ್ಲಿ ಹುಟ್ಟು ಹಾಕಿ ದಣಿದು ಬಂದಿದ್ದೀರಿ, ಇನ್ನಷ್ಟು ಹಾಕಲೇ ಎಂದರೆ, "ಸಾಕು, ಹೊಟ್ಟೆ ಕೇಳಿದಷ್ಟೆಲ್ಲ ಕೊಡಬಾರದು," ಎನ್ನುತ್ತಿದ್ದ. ಅಂಥ ದಿನಗಳಲ್ಲಿ ಅವಳೂ ಅರೆಹೊಟ್ಟೆಯಲ್ಲಿ ಮಲಗುತ್ತಿದ್ದಳು. ಅದನ್ನು ವ್ರತದ ಹಾಗೆ ಮಾಡಿಕೊಂಡಿದ್ದಳು.

"ಬೆಲ್ಲ ಯಾವುದು ಹಾಕ್ತೀರಿ ಇದಕ್ಕೆ?" ಎಂದು ಕೇಳಿದಳು.

"ಇನ್ಯಾವುದು, ನಿಮ್ಮದೇ. ಬೇರೆ ಬೆಲ್ಲ ಹಾಕಿದ ದಿನ ಒಂದೇ ತುತ್ತಿಗೆ ಗುರುತು ಹಿಡಿಯೋನು. 'ಇದು ನಮ್ಮನೇದಲ್ಲ' ಅಂತ ಎದ್ದೇಬಿಡೋನು."

ಬೆಲ್ಲ ಮಾರುವುದಕ್ಕಿರಲಿ, ನಮಗೇಕೆ ಎಂದು ಚಮ್ನಾನ್ ಹೇಳಿದಂದಿನಿಂದ ಸಮ್ಲಿಯ ಅಡುಗೆಗೆ ಒಂದು ಚೂರು ಬೆಲ್ಲ ಬಿದ್ದಿರಲಿಲ್ಲ.

ಅವಳು ಪಾತ್ರೆಯಿಂದ ಕಣ್ಣು ಕೀಳದ್ದನ್ನು ಸೆಂಗ್ ದುಃಖ ಎಂದುಕೊಂಡ. ಸಮಾಧಾನ ಮಾಡಬೇಕೆಂದು ಹತ್ತಿರ ಬಂದ. "ನಿಮ್ಮ ಮೇಲೆ ಅವನಿಗೆ ಎಷ್ಟು ಹೆಮ್ಮೆ ಗೊತ್ತಾ ತಂಗಿ? ನಿಮ್ಮ ಕೈ ಸಿಹಿತಿಂಡಿ ವಿಷಯ ಅವನೇ ನನಗೆ ಹೇಳಿದ್ದು. ಆಗ ನಮ್ಮ ಅಂಗಡಿ ಪಕ್ಕದ ಕಟ್ಟೆ ಖಾಲಿ ಆಗಿತ್ತು, ನಿಮ್ಮಕ್ಕ ಬಂದು ವಿಚಾರಿಸಿದ್ರು. ನಾನೂ ಹೇಳ್ದೆ, ಕರ್ಕೊಂಡು ಬಾರಯ್ಯ, ಊಟ ನನ್ನದು, ಸಿಹಿ ನಿನ್ ಹೆಂಡ್ತೀದು, ಇಬ್ರಿಗೂ ಚೆನ್ನಾಗಿ ನಡೆಯುತ್ತೆ ಅಂತ. ಅದಕ್ಕೆ ಏನಂದ ಗೊತ್ತಾ ಕಳ್ಳ?"

"ಏನಂದ್ರು?"

"'ಅವಳು ಪಕ್ಕದಲ್ಲಿ ಬಂದು ಕೂತ್ರೆ ಆಮೇಲೆ ನಾನೆಲ್ಲಿ ಕೂತು ತಿನ್ನಲಿ' ಅಂದ!"

ಸೆಂಗ್ ತೊಡೆ ತಟ್ಟಿಕೊಂಡು ನಕ್ಕ. ಬೇರೆ ಯಾರೂ ನಗಲಿಲ್ಲ. ಅವನ ನಗು ಅರ್ಧಕ್ಕೇ ನಿಂತಿತು. ಸುತ್ತ ಇದ್ದ ಮುಖಗಳನ್ನು ಒಂದೊಂದಾಗಿ ನೋಡಿದ. ಏನೋ ಒಡೆದಿದ್ದೇನೆ ಎಂದು ತಿಳಿಯಿತು, ಏನು ಎಂದು ತಿಳಿಯಲಿಲ್ಲ.

ಸಮ್ಲಿ ಬಗ್ಗಿ ಪಾತ್ರೆಗೆ ಮತ್ತೆ ಬಟ್ಟೆ ಮುಚ್ಚಿದಳು. "ದೂರದಿಂದ ತಂದಿದೀರಿ. ಭಿಕ್ಷುಗಳಿಗೆ ಬಡಿಸೋಣ," ಎಂದಳು.

*

ಹಿರಿಯ ಗುರುಗಳು ತುಂಬ ಒಳ್ಳೆಯವರು. ಊಟಕ್ಕೆ ಮುಂಚೆ ನಾಲ್ಕು ಮಾತು ಹೇಳಿದರು. ತೃಷ್ಣೆಯೇ ದುಃಖದ ಬೇರು ಎಂದು ನಾನು ಈ ಪೀಠದ ಮೇಲೆ ಕೂತು ವರ್ಷಗಟ್ಟಲೆ ಹೇಳಿದೆ, ಪೀಠದ ಕೆಳಗೆ ಕೂತ ಚಮ್ನಾನ್ ಅದನ್ನು ಬದುಕಿ ತೋರಿಸಿದ ಎಂದರು. ಬೇಕು ಎಂಬ ಶಬ್ದ ಅವನ ಬಾಯಲ್ಲಿ ನಾನು ಕೇಳಲಿಲ್ಲ ಎಂದರು. ಕೈ ಜೋಡಿಸಿ ಕೂತಿದ್ದ ಸಮ್ಲಿ ತಲೆಯೆತ್ತಿ ಗಂಡಸರ ಸಾಲನ್ನು ನೋಡಿದಳು. ಕೆಲವರು ಕಂಬ ನೋಡಿದರು, ಒಬ್ಬ ಕಾಲ್ಬೆರಳು ನೋಡಿಕೊಂಡ. ಯಾರ‍್ಯಾರು ಆ ಬೆಂಚಿನ ಮೇಲೆ ಕೂತಿದ್ದವರು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಗುರುಗಳು ಸೋರೆಕಾಯಿ ಸಾರನ್ನು ಒಂದು ಚಮಚ ಮುಟ್ಟಿದರು. ಬಂಗುಡೆಯನ್ನು ಎರಡನೆಯ ಸಲ ಹಾಕಿಸಿಕೊಂಡರು.

"ನೋಡೇ," ಚಲುಯ್ ಕಿವಿಯಲ್ಲಿ ಪಿಸುಗುಟ್ಟಿದಳು. "ಪೀಠದ ಮೇಲಿರೋರಿಗೂ ಮೊಟ್ಟೆ ಮೀನೇ ಹಿಡಿಸ್ತು."

ಊಟ ಮುಗಿದು ಪುಣ್ಯ ಧಾರೆಯೆರೆಯುವ ಹೊತ್ತು ಬಂತು. ಭಿಕ್ಷುಗಳು ಮಂತ್ರ ಹೇಳುತ್ತಿರುವಾಗ ಹೆಂಡತಿ ಪುಟ್ಟ ಹೂಜಿಯಿಂದ ಬಟ್ಟಲಿಗೆ ನೀರನ್ನು ಎಳೆ ಕಡಿಯದ ಹಾಗೆ ಬಿಡುತ್ತಾ ಸತ್ತವನನ್ನು ನೆನೆಯಬೇಕು. ಸಮ್ಲಿ ಹೂಜಿ ಎತ್ತಿದಳು. ನೆನೆದಳು. ಪರಿಚಯವಿಲ್ಲದ ಗಂಡಸೊಬ್ಬ ಬೆಂಚಿನ ಮೇಲೆ ಕೂತು ಎಲ್ಲರನ್ನೂ ನಗಿಸುತ್ತಾ ಉಣ್ಣುತ್ತಿದ್ದ. ಅವಳು ಹೂಜಿಯನ್ನು ಮಗನ ಕೈಗೆ ಕೊಟ್ಟುಬಿಟ್ಟಳು.

ಅಮ್ನುಯ್ ಹೇಗೋ ನೀರು ಬಿಟ್ಟು ಮುಗಿಸಿದ. ಆಮೇಲೆ ಅವಳನ್ನು ಹುಡುಕಿಕೊಂಡು ಅಡುಗೆಮನೆಯ ಹಿಂದೆ, ನೀರಿನ ಹಂಡೆಗಳ ಹತ್ತಿರ ಬಂದ.

"ಏನಮ್ಮ ಇದು? ಅಷ್ಟು ಜನದ ಮುಂದೆ?"

"ನಿನಗೆ ಗೊತ್ತಿತ್ತಾ?"

ನಲವತ್ತರ ಹತ್ತಿರದ ಮಗ, ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ ಅಂಗಿಯ ಗುಂಡಿ ತಿರುವುತ್ತಾ ನಿಂತ.

"ನಿನ್ನನ್ನೇ ಕೇಳಿದ್ದು."

"ಚಿಕ್ಕವನಿದ್ದಾಗ ಕರ್ಕೊಂಡು ಹೋಗ್ತಿದ್ರು. ಅಮ್ಮನಿಗೆ ಹೇಳ್ಬೇಡ, ಅವಳ ಅಡುಗೆ ಹಿಡಿಸ್ಲಿಲ್ಲ ಅಂತ ಬೇಜಾರ್ ಮಾಡ್ಕೋತಾಳೆ ಅಂದ್ರು. ನಾನು ಹೇಳ್ಲಿಲ್ಲ. ಆಮೇಲೆ ಹೇಳೋಕೆ ಏನೋ ಇದೆ ಅಂತಲೇ ಅನ್ನಿಸ್ಲಿಲ್ಲ." ಅವನ ದನಿ ಏರಿತು. "ಅಪ್ಪ ಕುಡೀಲಿಲ್ಲ, ಜೂಜಾಡ್ಲಿಲ್ಲ, ಇನ್ನೊಬ್ಬಳ ಮನೆಗೆ ಹೋಗ್ಲಿಲ್ಲ. ಒಂದು ಮೀನಮ್ಮಾ! ಒಂದು ಮೀನಿಗೆ ಇಷ್ಟಾ?"

"ಮೀನು ಅಂದ್ಕೊಂಡ್ಯಾ?" ಎಂದಳು ಸಮ್ಲಿ. "ಇನ್ನೊಬ್ಬಳ ಮನೆಗೆ ಹೋಗಿದ್ರೆ ಅವಳ ಜುಟ್ಟು ಹಿಡಿದು ಜಗಳ ಆಡ್ತಿದ್ದೆ. ಈಗ ಯಾರ ಜುಟ್ಟು ಹಿಡೀಲಿ?"

"ಸರಿ. ನಿನ್ನ ಸಿಟ್ಟು ನಿನಗಿರ‍್ಲಿ. ಆದ್ರೆ ಸುಡೋಕೆ ಮುಂಚೆ ಆ ಮಾತು ಹೇಳ್ಬೇಕು ನೀನು. ನಿಮ್ಮ ತಪ್ಪೆಲ್ಲ ಮನ್ನಿಸಿದೀನಿ, ನಿಶ್ಚಿಂತೆಯಾಗಿ ಹೋಗಿ ಅಂತ. ಹೆಂಡತಿ ಬಾಯಲ್ಲಿ ಅದು ಬರ್ದೇ ಇದ್ರೆ ಅಪ್ಪ ಇಲ್ಲೇ ಸುತ್ತುತ್ತಿರ್ತಾರೆ. ಬೇರೆ ಯಾರು ಹೇಳಿದ್ರೂ ನಡೆಯಲ್ಲ." ಅವನು ಅವಳ ಮುಂಗೈ ಹಿಡಿದ. "ನನಗೋಸ್ಕರ ಹೇಳಮ್ಮ."

ಅವಳು ಕೈ ಬಿಡಿಸಿಕೊಂಡು ಹಂಡೆಯ ಮುಚ್ಚಳ ಸರಿಪಡಿಸಿದಳು.

ಅವನು ಹೋದ ಮೇಲೆ ಚಲುಯ್ ಬಂದು ಪಕ್ಕದಲ್ಲಿ ಕಾಲು ಚಾಚಿ ಕೂತಳು. ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಅಗಿದಳು.

"ಸೆಂಗ್ ಆಗಿನಿಂದ ಅಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದಾನೆ," ಎಂದಳು. "ಆ ಕಟ್ಟೆ ಮತ್ತೆ ಖಾಲಿ ಇದೆಯಂತೆ ಕಣೆ. ನೀನು ಬರೋದಾದ್ರೆ ನಾಳೇನೇ ಹಿಡಿದುಕೊಡ್ತೀನಿ ಅಂತಿದಾನೆ. ಹೋಗು. ಕೈಯಲ್ಲಿ ಇನ್ನೂ ಕಸುವಿದೆ. ಅವನು ಕೂತ ಬೆಂಚಿನ ಪಕ್ಕದಲ್ಲೇ ಕೂತು ಸಿಹಿ ಮಾರು. ಹೊಟ್ಟೆ ಉರಿದು ಪೆಟ್ಟಿಗೆಯಿಂದ ಎದ್ದು ಬರ್ಲಿ."

ಸಮ್ಲಿ ಕಣ್ಣು ಮುಚ್ಚಿದಳು. ಮನಸ್ಸಿನೊಳಗೆ ಹೋಗಿ ಹುಡುಕಿದಳು. ಬಾಳೆಲೆ ಕತ್ತರಿಸಿದಳು, ಕಟ್ಟೆ ಒರೆಸಿದಳು, ತಿಂಡಿ ಜೋಡಿಸಿದಳು. ಗಿರಾಕಿಗಳನ್ನು ಕರೆದಳು. ಎಲ್ಲ ಇತ್ತು, ಆದರೆ ಯಾರೋ ಬೇರೆಯವರ ಅಂಗಡಿಯನ್ನು ಆಚೆ ದಡದಿಂದ ನೋಡಿದ ಹಾಗಿತ್ತು. ಒಂದು ಎಳೆಯೂ ಅವಳನ್ನು ಎಳೆಯಲಿಲ್ಲ.

"ಇಲ್ಲ," ಎಂದಳು.

"ಏನಿಲ್ಲ?"

"ಆ ಆಸೆ. ಹುಡುಕಿದೆ, ಇಲ್ಲ." ಅವಳ ಕಣ್ಣಲ್ಲಿ ಐದು ದಿನದಿಂದ ಬರದಿದ್ದ ನೀರು ಬಂತು. "ಕಟ್ಟೆ ತಪ್ಪಿಸಿದ್ದು ಹೋಗ್ಲಿ ಅಂದ್ರೆ, ಬೇಕು ಅನ್ನೋದನ್ನೂ ನನ್ನ ಒಳಗಿಂದ ಕಿತ್ಕೊಂಡು ಹೋದ ಚಲುಯ್. ಕೊನೆಗೆ ಸಿಟ್ಟಿಗಾದ್ರೂ ಹೋಗಿ ಕೂರೋಣ ಅಂದ್ರೆ ಅದಕ್ಕೂ ಏನೂ ಉಳಿಸಿಲ್ಲ."

ಚಲುಯ್ ಎಲೆರಸ ಉಗುಳಿ ಬಾಯಿ ಒರೆಸಿಕೊಂಡಳು. "ಅಂದ್ರೆ ಪಾಠ ಚೆನ್ನಾಗೇ ಕಲಿಸಿದ ಅನ್ನು."

"ಅವನಾ?" ಸಮ್ಲಿ ತಟ್ಟನೆ ಅವಳ ಕಡೆ ತಿರುಗಿದಳು. "ಅವನಿಗೆಲ್ಲಿ ಬರ್ತಿತ್ತು ಆ ವಿದ್ಯೆ? ಒಂದು ತಟ್ಟೆ ಮೀನು ಬಿಡೋಕೆ ಆಗ್ಲಿಲ್ಲ ಅವನ ಕೈಲಿ. ಅದನ್ನ ಕಾಪಾಡ್ಕೊಳ್ಳೋಕೆ ಜೀವಮಾನವೆಲ್ಲ ಸುಳ್ಳು ಹೇಳಿದ. ಬರ್ದೇ ಇದ್ದೋನು ಕಲಿಸೋದು ಹ್ಯಾಗೆ?"

"ಹಂಗಾದ್ರೆ ನಿನಗೆ ಕಲಿಸಿದ್ದು ಯಾರೇ?"

ಸಮ್ಲಿಗೆ ಕೊಪ್ಪರಿಗೆಯ ಮುಂದೆ ನಿಂತಿದ್ದ ಆ ಬೆಳಗು ನೆನಪಾಯಿತು. ಅಲ್ಲಿ ಯಾರಿದ್ದರು? ಅವನು ಪೇಟೆಗೆ ಹೋಗಿದ್ದ. ಮಗು ಮಲಗಿತ್ತು. ಬೆಂಕಿ ಇತ್ತು, ಪಾಕ ಇತ್ತು, ಅವಳಿದ್ದಳು. ಮತ್ತೆ ಯಾರೂ ಇರಲಿಲ್ಲ.

ಚಲುಯ್ ಎರಡನೆಯ ಹೋಳು ಬಾಯಿಗೆ ಹಾಕಿಕೊಂಡಳು.

*

ಇಳಿಹೊತ್ತಿನಲ್ಲಿ ಪೆಟ್ಟಿಗೆಯನ್ನು ಚಿತಾಗಾರದ ಸುತ್ತ ಎಡಸುತ್ತು ಬರಿಸಿ, ಬಿಳಿಯ ಮೆಟ್ಟಿಲುಗಳನ್ನು ಹತ್ತಿಸಿದರು. ಜನ ಒಬ್ಬೊಬ್ಬರಾಗಿ ಗಂಧದ ಚಕ್ಕೆಯ ಹೂವನ್ನು ಇಟ್ಟು ಇಳಿದರು. ಸೆಂಗ್ ಹೂವಿಟ್ಟು ಇಳಿಯುವಾಗ ಸಮ್ಲಿಯ ಮುಖ ನೋಡಲು ಆಗದೆ ಕೈ ಮಾತ್ರ ಮುಗಿದ. ಅವಳು ತಿರುಗಿ ಮುಗಿದಳು. ಅವನ ಮೇಲೆ ಅವಳಿಗೆ ಏನೂ ಇರಲಿಲ್ಲ.

ಕೊನೆಗೆ ಮೇಲೆ ಮನೆಯವರಷ್ಟೇ ಉಳಿದರು. ಚಿತೆಯ ಕೆಲಸದ ಮುದುಕ ಪೆಟ್ಟಿಗೆಯ ಮುಚ್ಚಳ ತೆಗೆದ. ಎಳನೀರೊಂದರ ತಲೆಯನ್ನು ಮಚ್ಚಿನಿಂದ ಹಾರಿಸಿ ಅಮ್ನುಯ್‌ಗೆ ಕೊಟ್ಟ. ಹಕ್ಕಿ ಮುಟ್ಟದ, ಮಣ್ಣು ಕಾಣದ ನೀರು. ಹೋಗುವವನ ಮುಖವನ್ನು ಅದರಲ್ಲಿ ತೊಳೆದು ಕಳಿಸಬೇಕು. ಅಮ್ನುಯ್ ಹನಿ ಹನಿಯಾಗಿ ತಂದೆಯ ಹಣೆಯ ಮೇಲೆ ಬಿಟ್ಟು, ಬಿಕ್ಕುತ್ತಾ ಹೇಳಬೇಕಾದ ಮಾತು ಹೇಳಿದ. ಸೊಸೆಯೂ ಹೇಳಿದಳು. ಕಾಯಿ ಸಮ್ಲಿಯ ಕೈಗೆ ಬಂತು. ಇನ್ನೂ ಭಾರವಾಗಿತ್ತು.

ಅವಳು ಬಗ್ಗಿ ನೋಡಿದಳು. ಎಡಗಿವಿಯ ಹತ್ತಿರ ಗಾಯದ ಗುರುತು. ಏನೂ ಬೇಡವೆಂಬಂತೆ ಮುಚ್ಚಿದ ತುಟಿ. ಈಗ ಮಾತ್ರ ಅದು ನಿಜ.

"ಮೊಟ್ಟೆ ಮೀನು ಚೆನ್ನಾಗಿತ್ತಂತೆ," ಎಂದಳು ಮೆಲ್ಲಗೆ. "ದೊಡ್ಡ ಗುರುಗಳು ಎರಡು ಸಲ ಹಾಕಿಸ್ಕೊಂಡ್ರು."

"ಅಮ್ಮಾ," ಹಿಂದಿನಿಂದ ಅಮ್ನುಯ್ ಗೋಗರೆದ. "ಆ ಮಾತು ಹೇಳಮ್ಮ."

"ಮನ್ನಿಸಿದೀನಿ ಅಂತ ನಿನಗೆ ಸುಳ್ಳು ಹೇಳಲ್ಲ," ಎಂದಳು ಸಮ್ಲಿ. ಹೇಳಿದ್ದು ಮಗನಿಗಲ್ಲ. "ಅದು ಯಾವತ್ತಾದ್ರೂ ಆಗ್ಬಹುದು, ಆಗ್ದೇನೂ ಇರ‍್ಬಹುದು. ಆದ್ರೆ ನಿನ್ನಿಂದ ನನಗೆ ಏನೂ ಬೇಕಾಗಿಲ್ಲ. ಇಲ್ಲಿ ಸುತ್ತಬೇಡ. ಹೋಗು."

ಎಳನೀರನ್ನು ಅವನ ಹಣೆಯ ಮೇಲೆ ಬಿಟ್ಟಳು. ಅದು ಮುಚ್ಚಿದ ಕಣ್ಣುಗಳ ಮೇಲಿಂದ, ಕೆನ್ನೆಯ ಮೇಲಿಂದ ಹರಿದು ಕಿವಿಯ ಹಿಂದೆ ಇಳಿಯಿತು. ತುಟಿಯ ಮೂಲೆಯಲ್ಲಿ ನಿಂತ ಒಂದು ಹನಿಯನ್ನು ಹೆಬ್ಬೆರಳಿನಿಂದ ಒರೆಸಿದಳು. ಕಾಯಿಯಲ್ಲಿ ಅರ್ಧ ಉಳಿದಿತ್ತು.

ಮುದುಕ ಅದನ್ನು ಇಸಿದುಕೊಳ್ಳಲು ಕೈ ಚಾಚಿದ. ಸಮ್ಲಿ ಕೊಡಲಿಲ್ಲ. ಬೆಳಗಿನಿಂದ ಅವಳ ಗಂಟಲಿಗೆ ಏನೂ ಇಳಿದಿರಲಿಲ್ಲ. ಎರಡೂ ಕೈಯಲ್ಲಿ ಕಾಯಿಯನ್ನು ಎತ್ತಿ ತುಟಿಗಿಟ್ಟುಕೊಂಡಳು. ಸೊಸೆ "ಅಯ್ಯೋ ಅತ್ತೆ, ಅದು..." ಎಂದಳು. ಕೆಳಗೆ ಮೆಟ್ಟಿಲ ಬುಡದಲ್ಲಿ ನಿಂತ ಜನರ ಗುಸುಗುಸು ನಿಂತುಹೋಯಿತು. ಸಮ್ಲಿ ಆತುರಪಡಲಿಲ್ಲ. ಕತ್ತು ಹಿಂದಕ್ಕೆ ಬಾಗಿಸಿ, ಗುಟುಕು ಗುಟುಕಾಗಿ, ಗದ್ದದ ಮೇಲೆ ಇಳಿದದ್ದನ್ನೂ ಅಂಗೈಯಿಂದ ಬಾಯಿಗೆ ಸೇರಿಸಿಕೊಂಡು ಕುಡಿದಳು. ಕಾಯಿಯನ್ನು ಮುದುಕನ ಕೈಯಲ್ಲಿಟ್ಟು, ರವಿಕೆಯ ತೋಳಿನಿಂದ ಬಾಯಿ ಒರೆಸಿಕೊಂಡು ಮೆಟ್ಟಿಲು ಇಳಿದಳು.

ಮುದುಕ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಂದು ಹನಿಯೂ ಉಳಿದಿರಲಿಲ್ಲ.